ಅರ್ಧ ರೇಟಿಗೆ ತೆಗೆದ ಮುಖಗಳು

ತುಂಗಭದ್ರೆಯ ದಡದಲ್ಲಿ ಒಂದು ಹಳೇ ಕಲ್ಲಿನ ಛತ್ರ. ಅದರ ಪಡಸಾಲೆಯಲ್ಲಿ ಕೂತು ರುದ್ರಮುನಿ ಮೇಷ್ಟ್ರು ಎಂಬ ಮುದುಕರು ಮುಖ ನೋಡುವುದನ್ನು ಕಲಿಸುತ್ತಿದ್ದರು.

ಮುಖ ನೋಡಿ ಭವಿಷ್ಯ ಹೇಳುವವರಲ್ಲ. ಫೋಟೋ ತೆಗೆಯುವವರು. ಪೇಟೆಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿ, ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮುಚ್ಚಿ ಇಲ್ಲಿಗೆ ಬಂದಿದ್ದರು. ಊರಿನವರು ತಮಾಷೆಗೆ ಆ ಜಾಗವನ್ನು ಆಶ್ರಮ ಎನ್ನುತ್ತಿದ್ದರು.

ಅವರ ಹತ್ತಿರ ಕಡೆಗೆ ಕಲಿತವರು ಇಬ್ಬರು, ಹೇಮಾವತಿ ಮತ್ತು ತಿಪ್ಪೇಶ.

ಹೇಮಾವತಿ ದೊಡ್ಡವಳು. ಗಂಡ ಬಿಟ್ಟುಹೋಗಿದ್ದ. ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗಳು, ಕಣ್ಣು ಮಂಜಾದ ತಾಯಿ. ತಿಪ್ಪೇಶ ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವನು, ಅಕ್ಕ ಎಂದೇ ಕರೆಯುತ್ತಿದ್ದ. ಕೈ ಚುರುಕು. ಬಾಯಿ ಇನ್ನೂ ಚುರುಕು.

ಇನ್ನು ನಿಮ್ಮ ಕಾಲ ಮೇಲೆ ನೀವು ನಿಂತುಕೊಳ್ಳಿ ಎಂದು ಮೇಷ್ಟ್ರು ಹೇಳಿದ ದಿನ ಮೂವರೂ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಂಗಡಿ ಇಲ್ಲ, ಬೋರ್ಡು ಇಲ್ಲ. ಕರೆದವರ ಮನೆಗೆ ಹೋಗಿ ಒಂದು ಮುಖವನ್ನು ತೆಗೆದುಕೊಡುವುದು, ಅಷ್ಟೇ ಅವರ ಕಸುಬು.

ತಿಪ್ಪೇಶ ಕೇಳಿದ. "ಮೇಷ್ಟ್ರೇ, ಎಲ್ಲಾ ಹೇಳಿಕೊಟ್ರಿ. ಒಂದು ಮಾತ್ರ ಹೇಳಿಕೊಡಲಿಲ್ಲ. ಎಷ್ಟು ತಗೋಬೇಕು?"

"ನೀನೆಷ್ಟು ಅಂದುಕೊಂಡಿದ್ದೀಯ?"

"ಅದು ಮನೆ ನೋಡಿಕೊಂಡು. ಗೇಟಿರೋ ಮನೆಗೆ ಒಂದು ರೇಟು, ಗೇಟಿಲ್ಲದ ಮನೆಗೆ ಒಂದು."

"ಗೇಟಿನ ಮನೆಯವನು ಬಂದು, ಎದುರು ಮನೆಗೆ ಯಾಕಪ್ಪ ಕಮ್ಮಿ ಮಾಡಿದೆ ಅಂದ್ರೆ?"

ತಿಪ್ಪೇಶ ತಲೆ ಕೆರೆದುಕೊಂಡ.

ಮೇಷ್ಟ್ರು ಹೇಮಾವತಿಯ ಕಡೆ ತಿರುಗಿದರು. "ನೀನಮ್ಮ?"

"ನಾನು ಮನೆಯಿಂದ ಶುರು ಮಾಡಿದೆ ಮೇಷ್ಟ್ರೇ. ತಿಂಗಳಿಗೆ ನಮ್ಮನೆಗೆ ಎಷ್ಟು ಬೇಕು ಅಂತ. ಆಮೇಲೆ, ಮನಸ್ಸಿಟ್ಟು ತೆಗೆದರೆ ತಿಂಗಳಲ್ಲಿ ಎಷ್ಟು ಮುಖ ತೆಗೀಬಹುದು ಅಂತ. ಒಬ್ಬರ ಜೊತೆ ಅರ್ಧ ದಿನವಾದರೂ ಕೂರಬೇಕು. ಅದಾದ ಮೇಲೆ ಕಂಪ್ಯೂಟರ್ ಮುಂದೆ ಒಂದು ದಿನ. ಪ್ರಿಂಟು, ಫ್ರೇಮು, ಓಡಾಟ."

"ಆಷಾಢದಲ್ಲಿ ಯಾರೂ ಕರೆಯಲ್ಲ."

"ಅದನ್ನೂ ಸೇರಿಸಿದೆ."

"ಕ್ಯಾಮೆರಾ ಸವೆಯುತ್ತೆ."

"ಅದನ್ನೂ."

"ಎಷ್ಟು ಬಂತು?"

"ಮುಖಕ್ಕೆ ನಾಲ್ಕು ಸಾವಿರ."

ತಿಪ್ಪೇಶ ಶಿಳ್ಳೆ ಹಾಕಿದ. "ಈ ಊರಲ್ಲಿ? ಯಾರು ಕೊಡ್ತಾರಕ್ಕ?"

ಮೇಷ್ಟ್ರು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಕಮ್ಮಿ ಮಾಡಿದರೆ ಏನಾಗುತ್ತಮ್ಮ?"

"ಅರ್ಧ ದಿನ ಕೂರೋಕಾಗಲ್ಲ. ದಿನಕ್ಕೆ ಮೂರು ನಾಲ್ಕು ಮನೆ ಸುತ್ತಬೇಕಾಗುತ್ತೆ. ಆಗ ಫೋಟೋದಲ್ಲಿ ಬರೋದು ಮುಖ ಅಲ್ಲ, ಮೂತಿ."

ಮೇಷ್ಟ್ರು ನಕ್ಕರು. ಅವರು ನಗುವುದೇ ಅಪರೂಪ.

"ನೀವೇ ಒಂದು ಮಾತು ಹೇಳಿಬಿಡಿ ಮೇಷ್ಟ್ರೇ," ಎಂದ ತಿಪ್ಪೇಶ. "ನಾಲ್ಕು ಅಂದರೆ ನಾಲ್ಕು."

"ನಾನು ಹೇಳಿದರೆ ಅದು ನನ್ನ ರೇಟು. ಕೆಲಸ ಮಾಡೋರು ನೀವು."

ತಿಪ್ಪೇಶ ಹೇಮಾವತಿಯ ಕಡೆ ತಿರುಗಿದ. ಆಮೇಲೆ ಅವನಾಗಿಯೇ ಕೈ ಚಾಚಿದ.

"ಆಯ್ತಕ್ಕ. ಇಬ್ಬರದ್ದೂ ಅದೇ. ನೀನೂ ಇಳಿಸಬೇಡ, ನಾನೂ ಇಳಿಸಲ್ಲ."

ಹೇಮಾವತಿ ಅವನ ಅಂಗೈ ಮೇಲೆ ಕೈ ಇಟ್ಟಳು. ಮೇಷ್ಟ್ರು ಪಂಚೆ ಕೊಡವಿಕೊಂಡು ಒಳಗೆ ಹೋದರು.

ಮೊದಮೊದಲು ಇಬ್ಬರಿಗೂ ಕಷ್ಟವೇ ಆಯಿತು. ಫೋನ್ ಮಾಡಿದವರು "ನಾಲ್ಕು ಸಾವಿರವೇ? ಮನೆಮಂದಿಗೆಲ್ಲ ಸೇರಿಯಾ?" ಎಂದು ಕೇಳುತ್ತಿದ್ದರು.

"ಅಲ್ಲಣ್ಣ, ಒಬ್ಬರದ್ದು," ಎನ್ನುತ್ತಿದ್ದಳು ಹೇಮಾವತಿ. ಹೇಳಿ ಸುಮ್ಮನಾಗುತ್ತಿದ್ದಳು. ಎಷ್ಟೋ ಜನ ಫೋನ್ ಇಟ್ಟುಬಿಡುತ್ತಿದ್ದರು. ಕೆಲವರು ಎರಡು ದಿನ ಬಿಟ್ಟು ಮತ್ತೆ ಮಾಡುತ್ತಿದ್ದರು. ಹಾಗೆ ಬಂದವರ ಮನೆಗಳಲ್ಲಿ ಅವಳು ತೆಗೆದ ಫೋಟೋಗಳು ನೇತಾಡತೊಡಗಿದವು. ನೋಡಿದವರು ಗೋಡೆಯ ಮುಂದೆ ನಿಂತು, ಅರೆ, ನಮ್ಮಪ್ಪ ಹೀಗೇ ನೋಡೋದು ಅಲ್ವಾ, ಎನ್ನುತ್ತಿದ್ದರು.

ತಿಪ್ಪೇಶನಿಗೂ ಆಗೊಂದು ಈಗೊಂದು ಕೆಲಸ ಬರುತ್ತಿತ್ತು. ಆದರೆ ರೇಟು ಹೇಳುವಾಗ ಅವನು ತಡವರಿಸುತ್ತಿದ್ದ.

ಆ ಊರಲ್ಲಿ ಮೃತ್ಯುಂಜಯಪ್ಪ ಎಂಬ ಜವಳಿ ವ್ಯಾಪಾರಿ ಇದ್ದರು. ಹೊಸ ಮನೆ ಕಟ್ಟಿಸಿದ್ದರು. ನಡುಮನೆಯ ಗೋಡೆಯ ತುಂಬ ಮನೆಮಂದಿಯ ಮುಖಗಳಿರಬೇಕು, ತಾಯಿಯಿಂದ ಹಿಡಿದು ಮೊಮ್ಮಗನವರೆಗೆ, ಎಂಬುದು ಅವರ ಆಸೆ. ಹೇಮಾವತಿಯನ್ನು ಕರೆಸಿದರು.

ತಾಯಿ ಹಾಲಮ್ಮಜ್ಜಿ ಮಾತ್ರ ಒಪ್ಪಲಿಲ್ಲ. ಆಕೆಯ ಗಂಡನ ಫೋಟೋ ತೆಗೆದದ್ದು ಅವರು ಸತ್ತ ಮೇಲೆ, ಕುರ್ಚಿಯಲ್ಲಿ ಕೂರಿಸಿ. ಅವತ್ತಿನಿಂದ ಕ್ಯಾಮೆರಾ ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ.

ಹೇಮಾವತಿ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಮಧ್ಯಾಹ್ನದ ಹೊತ್ತು ಹೋಗತೊಡಗಿದಳು. ಅಜ್ಜಿಯ ಜೊತೆ ಕೂತು ಅಕ್ಕಿ ಆರಿಸಿದಳು, ಅವರೆಕಾಯಿ ಸುಲಿದಳು. ಅಜ್ಜಿ ಮೊದಲು ಮಾತಾಡಲಿಲ್ಲ. ಆಮೇಲೆ ತವರಿನ ಕಥೆ ಹೇಳಿತು. ಒಂದು ದಿನ ತಾನಾಗಿಯೇ, "ತೆಗೆಯೋದಾದ್ರೆ ನೀನೇ ತೆಗಿ ಮತ್ತೆ, ಬೇರೆಯವರನ್ನ ಕಳಿಸಬೇಡ," ಎಂದಿತು.

ಆ ದಿನವೇ ಮೃತ್ಯುಂಜಯಪ್ಪ ತಿಪ್ಪೇಶನಿಗೆ ಫೋನ್ ಮಾಡಿದರು.

"ನಿಮ್ಮ ಹೇಮಾವತಿಯವರು ಮುಖಕ್ಕೆ ನಾಲ್ಕು ಸಾವಿರ ಅಂತಾರೆ. ನೀವಿಬ್ಬರೂ ಒಬ್ಬರ ಹತ್ತಿರವೇ ಕಲಿತವರಂತೆ. ನೀವೇನು ಹೇಳ್ತೀರಿ?"

"ನಮ್ಮದೂ ಅದೇ ಸರ್."

ಆ ಕಡೆಯಿಂದ ಮಾತಿಲ್ಲ.

ಫೋನ್ ಕಟ್ಟಾಯಿತೇನೋ ಎಂದು ತಿಪ್ಪೇಶ ನೋಡಿದ. ಆಗಿರಲಿಲ್ಲ. ಅಂಗಡಿಯ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಯಾರೋ ಪರ್ರನೆ ಬಟ್ಟೆ ಹರಿದರು.

ಅವನಿಗೆ ಆಗ ಅಂಥ ತಾಪತ್ರಯವೇನೂ ಇರಲಿಲ್ಲ. ಮನೆಯಲ್ಲಿ ಅಕ್ಕಿ ಇತ್ತು. ಯಾರೂ ಕಾಯಿಲೆ ಬಿದ್ದಿರಲಿಲ್ಲ. ಆ ಮೌನವನ್ನು ತಡೆಯಲಾಗಲಿಲ್ಲ, ಅಷ್ಟೇ.

"ಎರಡಕ್ಕೆ ಮಾಡಿಕೊಡ್ತೀನಿ ಸರ್," ಎಂದುಬಿಟ್ಟ.

"ಹಾಗೆ ಹೇಳಿ ಮತ್ತೆ. ನಾಳೆಯೇ ಬಂದುಬಿಡಿ."

ಮಾರನೆಯ ದಿನ ಅವನು ಹೋದಾಗ ಹಾಲಮ್ಮಜ್ಜಿ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ತಯಾರಾಗಿ ಕೂತಿತ್ತು.

"ಆ ಹುಡುಗಿ ಎಲ್ಲಿ?" ಎಂದು ಕೇಳಿತು.

"ಬರ್ತಾಳೆ ಅಜ್ಜಿ. ಹಿಂದೆ ಬರ್ತಿದ್ದಾಳೆ. ನೀವು ಸ್ವಲ್ಪ ಈ ಕಡೆ ತಿರುಗಿ."

ಯಾಕೆ ಹಾಗೆ ಹೇಳಿದನೋ ಅವನಿಗೇ ಗೊತ್ತಿಲ್ಲ. ಅಜ್ಜಿ ತಿರುಗಿತು. ಅವನು ತೆಗೆದ. ಆಮೇಲೆ ಮಗ, ಸೊಸೆ, ಮಕ್ಕಳು, ಮೊಮ್ಮಗು. ಇಡೀ ಮನೆಯನ್ನು ಸಂಜೆಯೊಳಗೆ ಮುಗಿಸಿದ. ಮೃತ್ಯುಂಜಯಪ್ಪನವರಿಗೆ ಬಹಳ ಸಂತೋಷವಾಯಿತು. ನೆಂಟರಿಗೆಲ್ಲ ಹೇಳಿದರು.

ಹೇಳಿದ್ದು ಫೋಟೋದ ವಿಷಯವಲ್ಲ, ರೇಟಿನ ವಿಷಯ.

ಹೇಮಾವತಿ ಅವನ ಮನೆಗೆ ಬಂದದ್ದು ವಾರದ ಮೇಲೆ. ಕೂರು ಎಂದರೂ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತಳು.

"ಅಜ್ಜಿ ಫೋಟೋ ಹೇಗೆ ಬಂತು?" ಎಂದು ಕೇಳಿದಳು.

"ಚೆನ್ನಾಗಿ ಬಂತು."

"ಒಂದು ಮಾತು ಹೇಳಬಹುದಿತ್ತಲ್ಲೋ. ಇಳಿಸೋದೇ ಆಗಿದ್ರೆ ಇಬ್ಬರೂ ಸೇರಿ ಇಳಿಸ್ತಿದ್ವಿ."

ತಿಪ್ಪೇಶ ಇದಕ್ಕೊಂದು ಉತ್ತರವನ್ನು ಮೊದಲೇ ಹೊಂದಿಸಿಟ್ಟುಕೊಂಡಿದ್ದ. "ನಾನು ಮಾಡದಿದ್ದರೆ ಇನ್ನೊಬ್ಬ ಮಾಡ್ತಿದ್ದ ಅಕ್ಕ. ಮಾರ್ಕೆಟ್ಟೇ ಹಾಗಿದೆ."

"ಇನ್ನೊಬ್ಬ ಮಾಡಿದ್ದರೆ ಬೈದು ಸುಮ್ಮನಾಗ್ತಿದ್ದೆ," ಎಂದಳು ಹೇಮಾವತಿ. "ಊಟ ಬಿಡ್ತಿರಲಿಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅವನು ಹಿಂದೆ ಹೋಗಲಿಲ್ಲ. ಹೋಗಬೇಕಿತ್ತು ಎಂದು ಆಮೇಲೆ ಬಹಳ ಸಲ ಅನ್ನಿಸಿತು.

ಅವಳ ಫೋನು ನಿಧಾನವಾಗಿ ಸುಮ್ಮನಾಯಿತು. ಕರೆದವರೂ, "ತಿಪ್ಪೇಶ ಎರಡಕ್ಕೆ ಮಾಡ್ತಾನಲ್ಲಮ್ಮ, ಒಬ್ಬರೇ ಗುರುಗಳು ತಾನೇ?" ಎನ್ನುತ್ತಿದ್ದರು. ಅವಳು ಎರಡಕ್ಕೆ ಇಳಿಯಲಿಲ್ಲ. ಇಳಿದಿದ್ದರೆ ಮನೆ ನಡೆಯುತ್ತಿರಲಿಲ್ಲ. ಇಳಿಯದಿದ್ದರೂ ನಡೆಯಲಿಲ್ಲ. ಮಗಳ ಸ್ಕೂಲು ಶುರುವಾಗುವ ಹೊತ್ತಿಗೆ ಕ್ಯಾಮೆರಾ ಮಾರಿದಳು ಎಂಬ ಸುದ್ದಿ ಬಂತು.

ತಿಪ್ಪೇಶನಿಗೆ ಕೈತುಂಬ ಕೆಲಸ. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಎರಡು, ಸಂಜೆ ಒಂದು. ಯಾರ ಜೊತೆಯೂ ಕೂರಲು ಪುರುಸೊತ್ತಿಲ್ಲ. ಟೀ ತಂದುಕೊಟ್ಟರೆ ನಿಂತೇ ಕುಡಿದು, "ಗದ್ದ ಸ್ವಲ್ಪ ಮೇಲೆ, ನಗ್ರಿ ಸ್ವಲ್ಪ," ಎಂದು ತೆಗೆದು ಹೊರಡುವುದು. ತಿಂಗಳ ಕೊನೆಗೆ ನೋಡಿದರೆ ಕೈಯಲ್ಲಿ ಉಳಿಯುವುದು ಮೊದಲಿನಷ್ಟೇ. ಬೆನ್ನುನೋವು ಮಾತ್ರ ಹೊಸದು.

ಆಮೇಲೆ ಜನರಿಗೆ ಎರಡು ಸಾವಿರವೂ ಜಾಸ್ತಿ ಎನ್ನಿಸಿತು. "ಒಂದೂವರೆಗೆ ಮಾಡಿ, ಖಾಯಂ ಗಿರಾಕಿ ನಾವು," ಎಂದರು ಒಬ್ಬರು. "ಬಸ್ ಸ್ಟ್ಯಾಂಡಿನ ಹುಡುಗ ಐನೂರಕ್ಕೆ ತೆಗೀತಾನೆ, ಮೊಬೈಲಲ್ಲೇ, ಬಣ್ಣನೂ ಬೆಳ್ಳಗೆ ಮಾಡಿಕೊಡ್ತಾನೆ," ಎಂದರು ಇನ್ನೊಬ್ಬರು. ತಿಪ್ಪೇಶ ಪ್ರತಿಸಲವೂ ಇಳಿದ.

ಆಷಾಢ ಬಂದಾಗ ಅವನು ಛತ್ರಕ್ಕೆ ಹೋದ. ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ.

ಮೇಷ್ಟ್ರು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಸೊರಗಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಮೇಷ್ಟ್ರೇ, ಒಂದು ದಾರಿ ಹೇಳಿ. ರೇಟು ಮೇಲಕ್ಕೆ ಹತ್ತಿಸೋದು ಹೇಗೆ?"

"ಕೊನೆಗೆ ಕೇಳಿದವರು ಯಾರು?"

"ಮೃತ್ಯುಂಜಯಪ್ಪನವರ ಷಡ್ಡಕರು. ಇವತ್ತು ಬೆಳಿಗ್ಗೆ ಫೋನ್ ಮಾಡಿದ್ರು. ಆಮೇಲೆ ಹೇಳ್ತೀನಿ ಅಂದಿದ್ದೀನಿ."

"ಈಗಲೇ ಮಾಡು. ನಾಲ್ಕು ಸಾವಿರ ಅನ್ನು. ಅಂದ ಮೇಲೆ ಬಾಯಿ ಬಿಡಬೇಡ."

ತಿಪ್ಪೇಶ ಹಿಂದೆಮುಂದೆ ನೋಡಿದ. ಆದರೂ ಮಾಡಿದ. "ಸರ್, ಒಂದು ಮುಖಕ್ಕೆ ನಾಲ್ಕು ಸಾವಿರ ಆಗುತ್ತೆ."

ಆ ಕಡೆಯಿಂದ ಮಾತಿಲ್ಲ. ಅದೇ ಮೌನ.

ತಿಪ್ಪೇಶ ತುಟಿ ಕಚ್ಚಿ ಹಿಡಿದ. ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಅವನು ಬಾಯಿ ಬಿಡಲಿಲ್ಲ. ಮೌನ ಅವನನ್ನು ತಿಂದುಹಾಕಲಿಲ್ಲ. ಇಷ್ಟೇನಾ ಎನ್ನಿಸಿತು ಅವನಿಗೆ.

ಕೊನೆಗೆ ಆ ಕಡೆಯವರೇ ಮಾತಾಡಿದರು. "ನಮ್ಮ ಷಡ್ಡಕನಿಗೆ ಎರಡಕ್ಕೆ ಮಾಡಿದ್ದು ನೀವೇ ತಾನೇ?"

"ಹೌದು ಸರ್."

"ಅವರ ಮುಖಕ್ಕೂ ನಮ್ಮ ಮುಖಕ್ಕೂ ಏನಪ್ಪ ವ್ಯತ್ಯಾಸ?"

ತಿಪ್ಪೇಶ ಮೇಷ್ಟ್ರ ಕಡೆ ನೋಡಿದ.

"ಇರಲಿ ಬಿಡಿ. ಬಸ್ ಸ್ಟ್ಯಾಂಡಿನ ಹುಡುಗನಿಗೇ ಹೇಳ್ತೀನಿ." ಫೋನ್ ಕಟ್ಟಾಯಿತು.

"ಸುಮ್ಮನಿರೋಕೆ ಬರುತ್ತೆ ನಿನಗೆ," ಎಂದರು ಮೇಷ್ಟ್ರು.

"ಬಂದು ಏನು ಪ್ರಯೋಜನ ಮೇಷ್ಟ್ರೇ? ಕೆಲಸ ಹೋಯ್ತಲ್ಲ."

"ಹೋಯ್ತು. ಇವತ್ತು ಸುಮ್ಮನಿದ್ದರೆ ಅವತ್ತಿನದು ವಾಪಸ್ಸು ಬರುತ್ತಾ?"

ತಿಪ್ಪೇಶ ಫೋನನ್ನು ಜೇಬಿಗೆ ಹಾಕಿಕೊಂಡ.

"ಹೇಮಾವತಿ ಹೇಳಿದ ಆ ಅಜ್ಜಿಯ ಫೋಟೋ ಇದೆಯಾ?"

ಇತ್ತು. ಅವನ ಫೋನಿನಲ್ಲೇ ಇತ್ತು. ಹೊಸ ಗಿರಾಕಿಗಳಿಗೆ ಮೊದಲು ತೋರಿಸುತ್ತಿದ್ದುದೇ ಅದನ್ನು. ತೆಗೆದುಕೊಟ್ಟ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆಳಕು ಚೆನ್ನಾಗಿತ್ತು. ಸೀರೆಯ ಅಂಚಿನ ಒಂದೊಂದು ಎಳೆಯೂ ಕಾಣುತ್ತಿತ್ತು. ವಿಭೂತಿಯ ಗೆರೆ ಬಿರುಕು ಬಿಟ್ಟದ್ದೂ ಕಾಣುತ್ತಿತ್ತು.

"ಈಯಮ್ಮ ಯಾರಿಗೆ ಕಾಯ್ತಿದ್ದಾರೆ?" ಎಂದು ಕೇಳಿದರು.

ತಿಪ್ಪೇಶ ಫೋನನ್ನು ತೆಗೆದುಕೊಂಡು ನೋಡಿದ. ಅದೇ ಮೊದಲು ನೋಡಿದಂತಾಯಿತು. ಅಜ್ಜಿ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅವನ ಭುಜದ ಆಚೆಗೆ, ಬಾಗಿಲ ಕಡೆಗೆ ನೋಡುತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಮಡಿಸಿಟ್ಟರು. "ಹೊತ್ತಾಯ್ತು. ಹೊರಡು."

ಹೇಮಾವತಿ ಎಲ್ಲಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಆ ರಸ್ತೆಯಲ್ಲಿ ಹೋಗುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಎದುರು ಒಂದು ಜೆರಾಕ್ಸ್ ಅಂಗಡಿ. ಅಲ್ಲಿ ಅರ್ಜಿಗಳಿಗೆ ಹಚ್ಚುವ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಕೆಲಸ ಅವಳದು. ದಿನಗೂಲಿ.

ಮಾರನೆಯ ದಿನ ಹೋದ. ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ.

ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಹೇಮಾವತಿ ತಲೆ ಎತ್ತಿ ನೋಡಿದಳು. ಗುರುತು ಹತ್ತದವಳ ಹಾಗೆ ಕೇಳಿದಳು. "ಫೋಟೋನಾ, ಜೆರಾಕ್ಸಾ?"

"ಅಕ್ಕ..."

"ಹಿಂದೆ ಜನ ಕಾಯ್ತಿದ್ದಾರೆ. ಫೋಟೋನಾ, ಜೆರಾಕ್ಸಾ?"

"ಫೋಟೋ," ಎಂದ ತಿಪ್ಪೇಶ.

ಗೋಡೆಗೆ ನೀಲಿ ಬಟ್ಟೆ ಹೊಡೆದಿತ್ತು. ಅದರ ಮುಂದೆ ಒಂದು ಸ್ಟೂಲು. ಅವನು ಕೂತ. ಅವಳು ಅಂಗಡಿಯ ಸಣ್ಣ ಕ್ಯಾಮೆರಾ ಹಿಡಿದಳು.

"ಗದ್ದ ಮೇಲೆ. ಅಲುಗಾಡಬೇಡಿ."

ಬಹುವಚನ ಅವನ ಕಿವಿಗೆ ಕಾದ ಎಣ್ಣೆಯ ಹಾಗೆ ಬಿತ್ತು. ಅಷ್ಟರಲ್ಲಿ ತೆಗೆದಾಗಿತ್ತು. ಒಂದೇ ಹಾಳೆಯಲ್ಲಿ ಎಂಟು ಫೋಟೋ ಹೊರಬಂದವು. ಅವಳು ಕತ್ತರಿಸಿ ಕವರಿಗೆ ಹಾಕಿದಳು.

"ಅರವತ್ತು."

ಅವನು ಐನೂರರ ನೋಟು ಮುಂದಿಟ್ಟು, "ಚಿಲ್ಲರೆ ಇರಲಿ ಅಕ್ಕ," ಎಂದ.

"ಇಲ್ಲಿ ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ. ರೇಟು ಗೋಡೆ ಮೇಲೆ ಬರೆದಿದೆ." ಮಿಕ್ಕ ಹಣವನ್ನು ಮೇಜಿನ ಮೇಲಿಟ್ಟಳು. "ಮುಂದಿನವರು ಬನ್ನಿ."

ತಿಪ್ಪೇಶ ರಸ್ತೆಗೆ ಬಂದು ಕವರು ತೆಗೆದು ನೋಡಿದ. ಎಂಟೂ ಒಂದೇ ಥರ ದಿಟ್ಟಿಸುತ್ತಿದ್ದವು.

ಕಾರ್ತೀಕದ ಚಳಿಗೆ ಮೇಷ್ಟ್ರು ಹಾಸಿಗೆ ಹಿಡಿದರು. ಇನ್ನು ಏಳುವ ಹಾಗೆ ಕಾಣಲಿಲ್ಲ. ಛತ್ರದ ಅಡಿಗೆಯವರು ತಿಪ್ಪೇಶನಿಗೆ ಫೋನ್ ಮಾಡಿದರು.

"ಮೇಷ್ಟ್ರು ತಮ್ಮದೊಂದು ಫೋಟೋ ತೆಗೆಸಬೇಕಂತೆ. ಕ್ಯಾಮೆರಾ ತಗೊಂಡು ಬರಬೇಕಂತೆ ನೀವು."

ತಿಪ್ಪೇಶನಿಗೆ ಕಣ್ಣು ತುಂಬಿತು. ಕರೆದರಲ್ಲ ಎನ್ನಿಸಿತು. ಎಲ್ಲವನ್ನೂ ಮರೆತರು, ಕೊನೆಗೆ ನನ್ನನ್ನೇ ಕರೆದರು ಎಂದು ಹಿಗ್ಗಿದ. ಆ ದಿನದ ಮೂರು ಮನೆಗಳಿಗೂ ಬರುವುದಿಲ್ಲ ಎಂದು ಹೇಳಿ, ಲೆನ್ಸು ಒರೆಸಿಕೊಂಡು, ಬೆಳಿಗ್ಗೆಯೇ ಹೋದ.

ಪಡಸಾಲೆಯಲ್ಲಿ ಹೇಮಾವತಿ ಕೂತಿದ್ದಳು.

ಮೇಷ್ಟ್ರನ್ನು ದಿಂಬಿಗೊರಗಿಸಿ ಕೂರಿಸಿದ್ದರು. ದನಿ ಸಣ್ಣದಾಗಿತ್ತು.

"ತಿಪ್ಪೇಶ, ನನ್ನ ಮುಖಕ್ಕೆ ಎಷ್ಟು ತಗೋತೀಯ?"

"ಏನು ಮಾತು ಮೇಷ್ಟ್ರೇ! ನಿಮ್ಮ ಹತ್ತಿರ ದುಡ್ಡು ತಗೋತೀನಾ? ಒಂದು ಪೈಸೆ ಬೇಡ."

"ನೀನಮ್ಮ?"

"ನಾಲ್ಕು ಸಾವಿರ ಮೇಷ್ಟ್ರೇ," ಎಂದಳು ಹೇಮಾವತಿ. ಅವಳ ದನಿಯಲ್ಲಿ ಅಳುಕಿರಲಿಲ್ಲ. "ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದೀನಿ. ಕೂಲಿ ಹಿಡೀತಾರೆ. ಅದನ್ನ ಸೇರಿಸಿಲ್ಲ."

"ಆಗಲಿ. ನೀನೇ ತೆಗಿ." ಮೇಷ್ಟ್ರು ತಿಪ್ಪೇಶನ ಕಡೆ ನೋಡಿದರು. "ಕ್ಯಾಮೆರಾ ಅವಳಿಗೆ ಕೊಡು. ನೀನು ಆ ಬಿಳಿ ಪಂಚೆ ಹಿಡಿದುಕೊ. ಬೆಳಕು ಈ ಕಡೆ ಬೀಳಬೇಕು."

ತಿಪ್ಪೇಶನಿಗೆ ಮೈ ಬಿಸಿಯಾಯಿತು. ಸಿಟ್ಟೋ ನಾಚಿಕೆಯೋ ಅವನಿಗೇ ತಿಳಿಯಲಿಲ್ಲ. ಆದರೂ ಕೊಟ್ಟ. ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತ.

ಹೇಮಾವತಿ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ತೆಗೆಯುವ ಲಕ್ಷಣವೇ ಕಾಣಲಿಲ್ಲ. ಮಗಳ ಸ್ಕೂಲಿನ ಸುದ್ದಿ ಹೇಳಿದಳು. ಹೊಳೆಗೆ ನೀರು ಬಿಟ್ಟಿದ್ದಾರಂತೆ ಎಂದಳು. ಮೇಷ್ಟ್ರಿಗೆ ಎರಡು ಗುಟುಕು ಗಂಜಿ ಕುಡಿಸಿದಳು. ತಿಪ್ಪೇಶನ ತೋಳು ನೋಯತೊಡಗಿತು. ಪಂಚೆ ಇಳಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಅವಳು ಕೇಳಿದಳು. "ಮೇಷ್ಟ್ರೇ, ನಿಮ್ಮ ಯಜಮಾನ್ತಿಯವರ ಫೋಟೋ ನೀವು ತೆಗೆದದ್ದು ಒಂದೂ ನೋಡಿಲ್ಲ ನಾನು. ಎಲ್ಲಿಟ್ಟಿದ್ದೀರಿ?"

ಮೇಷ್ಟ್ರು ತಲೆ ಅಲ್ಲಾಡಿಸಿದರು.

"ತೆಗೀಲಿಲ್ಲಮ್ಮ."

"ಒಂದೂ ಇಲ್ವಾ?"

"ನಾಳೆ ತೆಗೆದರಾಯ್ತು, ನಾಡಿದ್ದು ತೆಗೆದರಾಯ್ತು ಅಂತ. ಅಂಗಡಿ ತುಂಬ ಜನ ಇರೋರು. ಅವಳೇನು ದುಡ್ಡು ಕೊಡೋ ಗಿರಾಕಿಯೇ?"

ಹಾಗೆಂದವರ ಮುಖ ಬದಲಾಯಿತು. ಇಷ್ಟು ವರ್ಷ ಆ ಮುಖವನ್ನು ನೋಡಿದ್ದ ತಿಪ್ಪೇಶ ಅಂಥದ್ದನ್ನು ಅದರ ಮೇಲೆ ಕಂಡಿರಲಿಲ್ಲ. ಹೇಮಾವತಿ ಕ್ಯಾಮೆರಾ ಎತ್ತಿದಳು. ಒಂದೇ ಸಲ ಒತ್ತಿದಳು. ಇಳಿಸಿದಳು.

"ಆಯ್ತು ಮೇಷ್ಟ್ರೇ."

ತಿಪ್ಪೇಶನಿಗೆ ಪರದೆಯ ಮೇಲೆ ನೋಡುವ ಅಗತ್ಯವೇ ಬೀಳಲಿಲ್ಲ.

ಮೇಷ್ಟ್ರು ದಿಂಬಿನ ಕೆಳಗಿಂದ ಹಣ ತೆಗೆದುಕೊಟ್ಟರು. ಹೇಮಾವತಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವರ ಕಾಲು ಮುಟ್ಟಿದಳು. ಪ್ರಿಂಟು ಹಾಕಿಸಲು ಮೆಮೊರಿ ಕಾರ್ಡು ತೆಗೆದುಕೊಂಡು, ಕ್ಯಾಮೆರಾವನ್ನು ಸೆರಗಿನಲ್ಲಿ ಒರೆಸಿ ತಿಪ್ಪೇಶನ ಮುಂದಿಟ್ಟಳು.

ಅವನು ಅಂಗಳದವರೆಗೆ ಅವಳ ಹಿಂದೆ ಓಡಿದ.

"ಅಕ್ಕ, ಇದನ್ನ ನೀನೇ ಇಟ್ಕೋ. ನನಗೆ ಬೇಡ. ನಿನ್ನ ಕೈಯಲ್ಲಿ ಇರಬೇಕಾದದ್ದು ಇದು."

ಹೇಮಾವತಿ ನಿಂತಳು. ಕ್ಯಾಮೆರಾವನ್ನು ನೋಡಿದಳು. ಒಂದು ಕ್ಷಣ ಅವಳ ಕೈ ಮುಂದೆ ಬಂದಂತೆ ಅವನಿಗೆ ಕಂಡಿತು.

"ಇಟ್ಟುಕೊಂಡು?" ಎಂದಳು. "ಈ ಊರಲ್ಲಿ ಯಾವ ರೇಟಿಗೆ ತೆಗೀಲೋ?"

ಕ್ಯಾಮೆರಾ ಹಿಡಿದಿದ್ದ ಅವನ ಕೈ ಕೆಳಗಿಳಿಯಿತು.

"ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿರಬೇಕು," ಎಂದು ಅವಳು ಬಸ್ಸಿನ ಕಡೆ ನಡೆದಳು.

ತಿಪ್ಪೇಶ ಒಳಗೆ ಬಂದ. ಮೇಷ್ಟ್ರು ಮಲಗಿದ್ದರು. ಕಣ್ಣು ಮುಚ್ಚಿತ್ತು. ನಿದ್ದೆ ಬಂದಿದೆ ಎಂದುಕೊಂಡು ಮೆಲ್ಲಗೆ ಚೀಲ ಕಟ್ಟತೊಡಗಿದ.

"ನಿನ್ನ ಕ್ಯಾಮೆರಾದ ಬಾಡಿಗೆ ಎಷ್ಟಾಯ್ತು?" ಎಂದು ಕೇಳಿದರು ಮೇಷ್ಟ್ರು.

"ಬೇಡ ಮೇಷ್ಟ್ರೇ."

"ಅರ್ಧ ದಿನ ತೋಳು ನೋಯಿಸಿಕೊಂಡು ನಿಂತಿದ್ದೀಯ. ಅದರದ್ದು?"

"ಅದೂ ಬೇಡ." ಅವನು ಚೀಲದ ಬಾಯಿ ಕಟ್ಟಿದ. "ಎಲ್ಲಾ ಬಿಟ್ಟುಕೊಟ್ಟೆ ಅಂದುಕೊಳ್ಳಿ."

ಮೇಷ್ಟ್ರು ಕಣ್ಣು ತೆರೆದು ಅವನನ್ನು ನೋಡಿದರು. ಆಮೇಲೆ ನಿಧಾನವಾಗಿ ಗೋಡೆಯ ಕಡೆ ಹೊರಳಿದರು.

"ಇಷ್ಟು ದಿನ ನೀನು ಬಿಟ್ಟುಕೊಟ್ಟದ್ದರಲ್ಲಿ ಅವಳ ಪಾಲೂ ಇತ್ತು. ನಿನ್ನದು ಮಾತ್ರ ಅಂದರೆ ಇದೊಂದೇ ಕಣಪ್ಪ."